ತೂಕ ಇಳಿದಿದೆ, ರಿಪೋರ್ಟ್ ಚೆನ್ನಾಗಿದೆ, ನೆಲದಿಂದ ಏಳೋಕೆ ಆಗ್ತಿಲ್ಲ

ಅರವತ್ತೊಂದು · ಸೋಮವಾರ ಬೆಳಿಗ್ಗೆ

ವಯಸ್ಸು ಹೆಸರಲ್ಲೇ ಇದೆ. ಸ್ವಲ್ಪ ನಾಚಿಕೆಯ ವಿಷಯ, ಆದರೂ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಎಲ್ಲೋ ಇಲಿಗಳ ಕಥೆ ಓದಿದೆ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಒಂದಷ್ಟು ಇಲಿಗಳನ್ನು ಅರೆಹೊಟ್ಟೆಯಲ್ಲಿ ಬೆಳೆಸಿ ನೋಡಿದರಂತೆ. ವಿಟಮಿನ್, ಖನಿಜ ಎಲ್ಲಾ ಸರಿಯಾಗಿ ಕೊಟ್ಟು ಕ್ಯಾಲೊರಿ ಮಾತ್ರ ಕಡಿತ. ಹೊಟ್ಟೆ ತುಂಬಾ ತಿಂದವು ಸತ್ತ ಮೇಲೂ ಅರೆಹೊಟ್ಟೆಯವು ಓಡಾಡಿಕೊಂಡಿದ್ದವು. ಇದು ನನ್ನ ತಲೆಗೆ ಹತ್ತಿತು. ಇಲಿಗೆ ಆದದ್ದು ನನಗೂ ಆಗಲಿ ಅಂತ ಊಟ ಕಡಿಮೆ ಮಾಡುತ್ತಾ ಬಂದೆ. ರಾತ್ರಿ ಊಟ ಬಿಟ್ಟೇಬಿಟ್ಟೆ. 78 ಕಿಲೋ ಇದ್ದವನು 64ಕ್ಕೆ ಬಂದೆ. ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ ಎಲ್ಲಾ ಮೂವತ್ತರ ಹುಡುಗನ ಹಾಗಿದೆ. ರಿಪೋರ್ಟ್ ನೋಡಿದ ಡಾಕ್ಟರ್ ಕೈ ಕುಲುಕಿದರು.

ಹೋದ ವಾರ ಕನ್ನಡಕದ ಡಬ್ಬಿ ಮಂಚದ ಕೆಳಗೆ ಉರುಳಿತು. ನೆಲಕ್ಕೆ ಕೂತು ಕೈ ಹಾಕಿ ತೆಗೆದೆ. ಏಳೋಕೆ ಹೋದರೆ ಏಳೋಕೆ ಆಗಲಿಲ್ಲ. ನೋವೇನೂ ಇಲ್ಲ, ತಲೆ ಸುತ್ತಲಿಲ್ಲ. ತೊಡೆಯಲ್ಲಿ ಏನೂ ಇಲ್ಲ, ಅಷ್ಟೇ. ಮಂಚದ ಕಾಲು ಹಿಡಿದೆ, ಒಂದು ಮೊಣಕಾಲು ಊರಿದೆ, ಮತ್ತೆ ಕೂತೆ. ಮೂರನೇ ಸಲ ಹಾಸಿಗೆಯ ಅಂಚಿಗೆ ಎದೆ ಒತ್ತಿಕೊಂಡು ಮೇಲೆ ಬಂದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ನೂರು ವರ್ಷ ಬದುಕೋದು ನೆಲದ ಮೇಲೇನಾ?" ಅಂದಳು.

ನಾನು ತಪ್ಪಿದ್ದೆಲ್ಲಿ? ಇಲಿಗಳು ಸುಳ್ಳಾ?

ಸಂಶಯಪಿಶಾಚಿ · ಸೋಮವಾರ ಬೆಳಿಗ್ಗೆ

ಇಲಿಗಳು ಸುಳ್ಳಲ್ಲ. ನೀವು ಇಲಿ ಅಲ್ಲ, ಅಷ್ಟೇ.

ನಮ್ಮ ತಾತ ದಿನಕ್ಕೆ ಒಂದು ಕಟ್ಟು ಬೀಡಿ ಸೇದಿ 94 ವರ್ಷ ಇದ್ದರು. ಚಿಕ್ಕಪ್ಪ ದಿನಾ ಐದು ಮೈಲಿ ನಡೆಯುತ್ತಿದ್ದರು, 58ಕ್ಕೆ ಹೋದರು. ಎಲ್ಲಾ ಹುಟ್ಟುವಾಗಲೇ ಬರೆದಿರುತ್ತದೆ. ಈಗ ಅದಕ್ಕೆ ಜೀನ್ ಅಂತಾರೆ, ಆಗ ಹಣೆಬರಹ ಅಂತಿದ್ದರು.

ಅಂಕಿಮಂಕಿ · ಸೋಮವಾರ ಮಧ್ಯಾಹ್ನ

ಸಂಶಯ ಅವರೇ, ನಿಮ್ಮ ತಾತನ ಜೊತೆ ಬೀಡಿ ಸೇದುತ್ತಿದ್ದ ಮಿಕ್ಕವರು ಎಷ್ಟು ವರ್ಷ ಇದ್ದರು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? 94ರವರೆಗೆ ಇದ್ದವರ ಕಥೆ ಮಾತ್ರ ಉಳಿಯುತ್ತದೆ. ಜೀನ್ ವಿಷಯಕ್ಕೆ ಬಂದರೆ, ಡೆನ್ಮಾರ್ಕಿನ ಅವಳಿಗಳನ್ನು ಇಟ್ಟುಕೊಂಡು 1996ರಲ್ಲಿ ಮಾಡಿದ ಲೆಕ್ಕದಲ್ಲಿ ಆಯುಸ್ಸಿನ ಏರುಪೇರಿನಲ್ಲಿ ಹುಟ್ಟಿನ ಪಾಲು ಸುಮಾರು ಕಾಲು ಭಾಗ ಅಂತ ಬಂತು. ಆಮೇಲಿನ ಲೆಕ್ಕಗಳು ಇದಕ್ಕಿಂತ ಮೇಲೂ ಹೋಗಿವೆ, ಕೆಳಗೂ ಹೋಗಿವೆ. ಆದರೆ "ಎಲ್ಲಾ" ಅಂತ ಯಾವುದೂ ಹೇಳಿಲ್ಲ.

ಈಗ ಅರವತ್ತೊಂದು ಅವರ ಪ್ರಶ್ನೆ. ಇಲಿಗಳ ಆಮೇಲೆ ಕೋತಿಗಳ ಮೇಲೂ ಇದೇ ಪ್ರಯೋಗ ನಡೆದಿದೆ. ಅಮೆರಿಕದಲ್ಲೇ ಎರಡು ಕಡೆ. 1987ರಲ್ಲಿ ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವ ಅಲ್ಲಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಒಂದು ಶುರುವಾಯಿತು, 1989ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು. ಊಟ ಸುಮಾರು 30% ಕಡಿಮೆ. 2009ರಲ್ಲಿ ವಿಸ್ಕಾನ್ಸಿನ್‌ನವರು ಲಾಭ ಇದೆ ಅಂದರು. 2012ರಲ್ಲಿ ಇನ್ನೊಂದು ತಂಡ ಆಯುಸ್ಸು ಜಾಸ್ತಿ ಆಗಲಿಲ್ಲ ಅಂದಿತು. ದೊಡ್ಡ ಗಲಾಟೆ ಆಯಿತು.

ವ್ಯತ್ಯಾಸ ಎಲ್ಲಿತ್ತು ಗೊತ್ತಾ? ವಿಸ್ಕಾನ್ಸಿನ್ ಕೋತಿಗಳ ಆಹಾರದಲ್ಲಿ ಸಕ್ಕರೆಯೇ ಕಾಲು ಭಾಗಕ್ಕಿಂತ ಜಾಸ್ತಿ. ಹೋಲಿಕೆಗೆ ಇಟ್ಟ ಕೋತಿಗಳು ಬೇಕಾದಷ್ಟು ತಿನ್ನಬಹುದಿತ್ತು. ಇನ್ನೊಂದು ಕಡೆ ಸಕ್ಕರೆ ತೀರಾ ಕಡಿಮೆ, ಹೋಲಿಕೆಯ ಕೋತಿಗಳಿಗೂ ಅಳತೆಯ ಊಟ. ಅಂದರೆ ಒಂದು ಕಡೆ "ಕಡಿಮೆ ತಿನ್ನು" ಅನ್ನುವುದನ್ನು ಹೊಟ್ಟೆಬಾಕತನದ ಪಕ್ಕ ಇಟ್ಟು ನೋಡಿದರು. ಇನ್ನೊಂದು ಕಡೆ ಹಿತಮಿತದ ಊಟದ ಪಕ್ಕ ಇಟ್ಟು ನೋಡಿದರು. 2017ರಲ್ಲಿ ಎರಡೂ ತಂಡ ಸೇರಿ ಬರೆದರು, ಒಟ್ಟಾರೆ ಲಾಭ ಇದೆ ಅಂತಲೇ ಹೇಳಿದರು. ನನಗೆ ಅನಿಸುವುದು ಇಷ್ಟು: ಅತಿಯಾಗಿ ತಿನ್ನುವುದನ್ನು ನಿಲ್ಲಿಸಿದರೆ ಸಿಗುವ ಲಾಭ ದೊಡ್ಡದು. ಸರಿಯಾಗಿ ತಿನ್ನುತ್ತಿದ್ದವನು ಇನ್ನೂ ಕಡಿಮೆ ಮಾಡಿದರೆ ಸಿಗುವುದು ಸಣ್ಣದು.

ಮನುಷ್ಯರ ಮೇಲೆ ಕ್ಯಾಲರಿ ಅನ್ನುವ ಹೆಸರಿನ ಪ್ರಯೋಗ ನಡೆಯಿತು. ಬೊಜ್ಜಿಲ್ಲದ 200ಕ್ಕೂ ಚಿಲ್ಲರೆ ಜನ, ಎರಡು ವರ್ಷ. 25% ಕಡಿಮೆ ತಿನ್ನಿ ಅಂದರೆ ಆಗಿದ್ದು ಸುಮಾರು 12%. ಅಷ್ಟಕ್ಕೇ ಬಿಪಿ, ಕೊಲೆಸ್ಟ್ರಾಲ್ ಎಲ್ಲಾ ಇಳಿಯಿತು. ರಕ್ತ ನೋಡಿ ಮುಪ್ಪಿನ ವೇಗ ಅಳೆಯುವ ಒಂದು ಲೆಕ್ಕದಲ್ಲಿ ವೇಗ 2-3% ತಗ್ಗಿದೆ ಅಂತ 2023ರಲ್ಲಿ ಬರೆದರು. ಆದರೆ ಅದೇ ರಕ್ತವನ್ನು ಬೇರೆ ಎರಡು ಲೆಕ್ಕಗಳಿಗೆ ಹಾಕಿದರೆ ಏನೂ ಬದಲಾವಣೆ ಕಾಣಲಿಲ್ಲ. ಇದರ ಜೊತೆ ಸೊಂಟದ, ಬೆನ್ನಿನ ಮೂಳೆಯ ಸಾಂದ್ರತೆಯೂ ಇಳಿದಿತ್ತು. ಇದನ್ನು ಪೇಪರಿನಲ್ಲಿ ಯಾರೂ ದಪ್ಪ ಅಕ್ಷರದಲ್ಲಿ ಹಾಕಲಿಲ್ಲ.

ಕೂತೇಳು · ಸೋಮವಾರ ರಾತ್ರಿ

ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರ ಜೊತೆಗೇ ಕೆಲಸ, ಹತ್ತೊಂಬತ್ತು ವರ್ಷ ಆಯಿತು. ಅರವತ್ತೊಂದು ಅವರ ಪೋಸ್ಟ್ ಓದಿ ಬೆಚ್ಚಿಬೀಳಲಿಲ್ಲ. ವಾರಕ್ಕೊಬ್ಬರು ಹೀಗೇ ಬರುತ್ತಾರೆ.

ಬರೀ ಊಟ ಬಿಟ್ಟು 14 ಕಿಲೋ ಇಳಿಸಿದರೆ ಹೋಗುವುದು ಕೊಬ್ಬೊಂದೇ ಅಲ್ಲ. ಸಾಮಾನ್ಯವಾಗಿ ಇಳಿದ ತೂಕದ ಕಾಲು ಭಾಗದಷ್ಟು ಕೊಬ್ಬಲ್ಲದ್ದು, ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಮೂವತ್ತರ ಹುಡುಗ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾನೆ. ಅರವತ್ತರಲ್ಲಿ ಅದು ತಾನಾಗಿ ಬರುವುದಿಲ್ಲ. ತೂಕದ ಮಿಷನ್ ಮೇಲೆ ನಿಂತರೆ ಕೊಬ್ಬು ಯಾವುದು, ತೊಡೆ ಯಾವುದು ಅಂತ ಅದು ಹೇಳುವುದಿಲ್ಲ. ರಕ್ತದ ರಿಪೋರ್ಟೂ ಹೇಳುವುದಿಲ್ಲ.

ವಯಸ್ಸಾದಂತೆ ಸ್ನಾಯು ಕರಗುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನದ ಎಳೆ ನಿಲ್ಲುವುದಕ್ಕೆ, ನಡೆಯುವುದಕ್ಕೆ. ವೇಗದ ಎಳೆ ಧಡಕ್ಕನೆ ಏಳುವುದಕ್ಕೆ, ಎಡವಿದಾಗ ಕಾಲು ಮುಂದಿಟ್ಟು ಬೀಳದೆ ಉಳಿಯುವುದಕ್ಕೆ. ಮುಪ್ಪಿನಲ್ಲಿ ಮೊದಲು ಸೊರಗುವುದು ಈ ವೇಗದವು. ಅವಕ್ಕೆ ಬರುವ ನರಗಳೂ ಒಂದೊಂದಾಗಿ ಸಾಯುತ್ತವೆ. ಸುಮ್ನೆ ವಾಕಿಂಗ್ ಹೋದರೆ ಈ ವೇಗದ ಎಳೆಗೆ ಕೆಲಸವೇ ಬೀಳುವುದಿಲ್ಲ. ಭಾರ ಎತ್ತಿದಾಗ, ಇಲ್ಲವೇ ಜೋರಾಗಿ ತಳ್ಳಿದಾಗ ಮಾತ್ರ ಅದು ಏಳುತ್ತದೆ. ನೀವು ನೆಲದಿಂದ ಏಳೋಕೆ ಹೋದಾಗ "ತೊಡೆಯಲ್ಲಿ ಏನೂ ಇಲ್ಲ" ಅಂದಿರಲ್ಲ, ಅದು ಇದೇ.

ಒಳ್ಳೆಯ ಸುದ್ದಿಯೂ ಇದೆ. 1990ರಲ್ಲಿ ಮಾರಿಯಾ ಫಿಯಾಟರೋನ್ ಅನ್ನುವ ಡಾಕ್ಟರ್ ವೃದ್ಧಾಶ್ರಮದ ಹತ್ತು ಜನರಿಗೆ ಎಂಟು ವಾರ ಭಾರ ಎತ್ತಿಸಿದರು. ಸರಾಸರಿ ವಯಸ್ಸು 90, ಅತಿ ಹಿರಿಯರಿಗೆ 96. ಮುಗಿಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ 174% ಜಾಸ್ತಿ ಆಯಿತು. ಅಂದರೆ ಎರಡೂವರೆ ಪಟ್ಟು ದಾಟಿತು. 1994ರಲ್ಲಿ ಅವರೇ ನೂರು ಜನರ ಮೇಲೆ ಮಾಡಿದರು. ಆಗ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ. ಬರೀ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. ಡಬ್ಬಿ ಪುಡಿ ಮಾರುವವರು ಇದನ್ನು ಹೇಳುವುದಿಲ್ಲ, ಬಿಡಿ.

ಅರವತ್ತೊಂದು ಅವರೇ, ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿ. ಎರಡೂ ಕೈ ಎದೆಗೆ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಪೂರ್ತಿ ಎದ್ದು ಪೂರ್ತಿ ಕೂರುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಹೆಂಡತಿ ಪಕ್ಕದಲ್ಲಿರಲಿ.

ಅರವತ್ತೊಂದು · ಮಂಗಳವಾರ ಬೆಳಿಗ್ಗೆ

9. ಕೊನೆಯದರಲ್ಲಿ ಸ್ವಲ್ಪ ಮೋಸ ಇದೆ.

ಕೂತೇಳು · ಮಂಗಳವಾರ ಬೆಳಿಗ್ಗೆ

60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅದೇ ವಯಸ್ಸಿನ ಹೆಂಗಸರಿಗೆ 12. ನಿಮ್ಮ 9 ಅಂದರೆ 80ರಿಂದ 84ರ ಗಂಡಸರಿಗೂ ಕಡಿಮೆಯೇ. ಹೆದರಬೇಡಿ, ಇದು ಅತಿ ಬೇಗ ಏರುವ ಅಂಕಿ.

ಬಸ್ಸಿನ ಮೆಟ್ಟಿಲು · ಮಂಗಳವಾರ ಮಧ್ಯಾಹ್ನ

ವ್ಯಾಯಾಮ ಅಂದಾಗೆಲ್ಲಾ ನನಗೆ ಲಂಡನ್ನಿನ ಬಸ್ ನೆನಪಾಗುತ್ತದೆ. ಜೆರ್ರಿ ಮೋರಿಸ್ 1953ರಲ್ಲಿ ಬರೆದದ್ದು. ಎರಡು ಅಂತಸ್ತಿನ ಬಸ್ಸು. ಡ್ರೈವರ್ ಇಡೀ ದಿನ ಕೂತಿರುತ್ತಾನೆ. ಕಂಡಕ್ಟರ್ ಇಡೀ ದಿನ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಎದ್ದು ಕಾಣುವಷ್ಟು ಕಡಿಮೆ ಇತ್ತು. ಅಲ್ಲಿಯವರೆಗೆ ವ್ಯಾಯಾಮಕ್ಕೂ ಹೃದಯಾಘಾತಕ್ಕೂ ಸಂಬಂಧ ಇದೆ ಅಂತ ಲೆಕ್ಕ ಹಾಕಿ ತೋರಿಸಿದವರೇ ಇರಲಿಲ್ಲ. ಮೋರಿಸ್ ಆಮೇಲೆ ತಾವೂ ಓಡೋಕೆ ಶುರು ಮಾಡಿದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಸಂಶಯಪಿಶಾಚಿ · ಮಂಗಳವಾರ ಸಂಜೆ

ಆ ಕಥೆಯ ಉಳಿದರ್ಧ ಹೇಳಿ ಸ್ವಾಮಿ. ಮೋರಿಸ್ ಅವರೇ ಮೂರು ವರ್ಷದ ಮೇಲೆ ಸಮವಸ್ತ್ರದ ದಾಖಲೆ ತೆಗೆದು ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ಮೊದಲಿಂದಲೇ ದೊಡ್ಡದಿತ್ತು. ದಪ್ಪಗಿದ್ದವರು ಡ್ರೈವರ್ ಆದರು, ತೆಳ್ಳಗಿದ್ದವರು ಕಂಡಕ್ಟರ್ ಆದರು. ಹಾಗಾದರೆ ಮೆಟ್ಟಿಲಿಂದ ಹೃದಯ ಚೆನ್ನಾಗಿತ್ತಾ, ಹೃದಯ ಚೆನ್ನಾಗಿದ್ದವನು ಮೆಟ್ಟಿಲು ಹತ್ತಿದನಾ? "ದಿನಾ ನಡೆಯುವವರು ಜಾಸ್ತಿ ಬದುಕುತ್ತಾರೆ" ಅನ್ನುವುದೂ ಹಾಗೇ. ನಡೆಯೋಕೆ ಆಗುವವರು ನಡೆಯುತ್ತಾರೆ. ಸಾಯೋಕೆ ಹತ್ತಿರ ಇರುವವರು ಮಂಚದ ಮೇಲಿರುತ್ತಾರೆ.

ಇನ್ನೊಂದು ಕೊಡುತ್ತೇನೆ. ನಾರ್ವೆಯಲ್ಲಿ 70ರಿಂದ 77 ವರ್ಷದ 1,567 ಜನರಿಗೆ ಚೀಟಿ ಹಾಕಿ ಗುಂಪು ಮಾಡಿದರು. ಐದು ವರ್ಷ ವ್ಯಾಯಾಮ ಮಾಡಿಸಿದರು. 2020ರಲ್ಲಿ ಫಲಿತಾಂಶ ಬಂತು. ವ್ಯಾಯಾಮದ ಗುಂಪಿಗೂ ಉಳಿದವರಿಗೂ ಸಾವಿನಲ್ಲಿ ಗಣನೆಗೆ ಬರುವ ವ್ಯತ್ಯಾಸ ಇಲ್ಲ. ಈಗ ಹೇಳಿ.

ಅಂಕಿಮಂಕಿ · ಮಂಗಳವಾರ ರಾತ್ರಿ

ಒಪ್ಪಿದೆ. ಸಂಶಯ ಅವರಿಗೆ ಪೂರ್ತಿ ಅಂಕ ಕೊಡಬೇಕು. ಸೊಂಟದ ದಾಖಲೆ ನನಗೂ ಇಷ್ಟದ ಕಥೆ. ಒಂದು ಮಾತು ಮಾತ್ರ ಸೇರಿಸಿ: ಸೊಂಟದ ಅಳತೆ ಒಂದೇ ಇದ್ದ ಡ್ರೈವರ್, ಕಂಡಕ್ಟರ್‌ಗಳನ್ನು ಪಕ್ಕಪಕ್ಕ ಇಟ್ಟರೂ ಡ್ರೈವರ್‌ಗಳಿಗೇ ಅಪಾಯ ಜಾಸ್ತಿ ಅಂತ ಮೋರಿಸ್ ಆಮೇಲೆ ತೋರಿಸಿದರು.

ನಾರ್ವೆಯದು ಸ್ವಲ್ಪ ತಮಾಷೆಯಾಗಿದೆ. ಹೋಲಿಕೆಯ ಗುಂಪಿಗೆ "ಸುಮ್ನೆ ಕೂತಿರಿ" ಅಂತ ಹೇಳೋಕೆ ಆಗುವುದಿಲ್ಲವಲ್ಲ. ಹಾಗಾಗಿ ಸರ್ಕಾರದ ಸಲಹೆಯಂತೆ ದಿನಕ್ಕೆ ಅರ್ಧ ಗಂಟೆ ಓಡಾಡಿ ಅಂದರು. ಅವರು ಹಾಗೇ ಮಾಡಿದರು! ಐದು ವರ್ಷದಲ್ಲಿ ಒಟ್ಟು ಸತ್ತವರು ನೂರಕ್ಕೆ ಐದಕ್ಕಿಂತ ಕಡಿಮೆ. ಆ ವಯಸ್ಸಿಗೆ ಅದು ತುಂಬಾ ಕಡಿಮೆ. ಗಟ್ಟಿಮುಟ್ಟಾದವರೇ ಪ್ರಯೋಗಕ್ಕೆ ಸೇರಿದ್ದರು, ಎಲ್ಲರೂ ಓಡಾಡುತ್ತಿದ್ದರು. ವ್ಯತ್ಯಾಸ ಕಾಣುವುದು ಹೇಗೆ?

ಆದರೂ ನಿಮ್ಮ ಮಾತಿನ ತಿರುಳು ಸರಿ. ವ್ಯಾಯಾಮ ಮಾಡಿದರೆ ಇಷ್ಟೇ ವರ್ಷ ಜಾಸ್ತಿ ಅಂತ ಬರೆದುಕೊಡುವಷ್ಟು ಗಟ್ಟಿ ಪ್ರಯೋಗ ಮನುಷ್ಯರಲ್ಲಿ ಇಲ್ಲ. ಆಗಲೂಬಾರದೇನೋ, ಯಾಕೆಂದರೆ ಅದಕ್ಕೆ ಸಾವಿರಾರು ಜನರನ್ನು ಮೂವತ್ತು ವರ್ಷ ಕೂರಿಸಿಡಬೇಕು.

ಗಟ್ಟಿಯಾಗಿ ಗೊತ್ತಿರುವುದು ಬೇರೆ. 2014ರಲ್ಲಿ ಲೈಫ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. 70ರಿಂದ 89 ವರ್ಷದ 1,635 ಜನ. ಎಲ್ಲರೂ ಕೂತಲ್ಲೇ ಇರುವವರು, ಕಾಲಿನ ಶಕ್ತಿ ಆಗಲೇ ಕುಂದಿದವರು. ಅರ್ಧ ಜನಕ್ಕೆ ನಡಿಗೆ, ಬಲದ ವ್ಯಾಯಾಮ, ಸಮತೋಲನದ ಅಭ್ಯಾಸ. ಇನ್ನರ್ಧ ಜನಕ್ಕೆ ಆರೋಗ್ಯದ ಪಾಠ. ಎರಡೂವರೆ ವರ್ಷದ ಮೇಲೆ 400 ಮೀಟರ್ ನಡೆಯೋಕೆ ಆಗದ ಸ್ಥಿತಿಗೆ ಬಂದವರು ಪಾಠದ ಗುಂಪಿನಲ್ಲಿ 35.5%, ವ್ಯಾಯಾಮದ ಗುಂಪಿನಲ್ಲಿ 30.1%. ದೊಡ್ಡ ಪವಾಡ ಅಲ್ಲ. ಆದರೆ ಇದು ಚೀಟಿ ಹಾಕಿ ಮಾಡಿದ ಪ್ರಯೋಗ, ದಪ್ಪ ಸೊಂಟದವರೆಲ್ಲಾ ಒಂದೇ ಕಡೆ ಸೇರಿರಲಿಲ್ಲ. ನೂರರಲ್ಲಿ ಐದು ಜನ ತಮ್ಮ ಕಾಲ ಮೇಲೆ ಉಳಿದರು.

ಸಂಶಯಪಿಶಾಚಿ · ಮಂಗಳವಾರ ರಾತ್ರಿ

ಐದು ಜನ. ಸರಿ. ಇದನ್ನು ಒಪ್ಪುತ್ತೇನೆ. ಆಯುಸ್ಸು ಅಂತ ಮಾತ್ರ ಹೇಳಬೇಡಿ.

ರಾತ್ರಿಪಾಳಿ · ಬುಧವಾರ, ಬೆಳಗಿನ ಜಾವ

ಬೇರೆಯವರಿಗೆಲ್ಲಾ ಸಮಯ ಎಲ್ಲಿಂದ ಸಿಗುತ್ತದೋ. ಹತ್ತು ಸಾವಿರ ಹೆಜ್ಜೆ ಅಂತ ಮೊಬೈಲು ದಿನಾ ಬೈಯುತ್ತದೆ. ನನಗೆ ನಾಲ್ಕೂವರೆ ಸಾವಿರ ದಾಟುವುದಿಲ್ಲ. ಇದಕ್ಕೆ ಬೆಲೆ ಇದೆಯಾ ಇಲ್ವಾ?

ಅಂಕಿಮಂಕಿ · ಬುಧವಾರ ಬೆಳಿಗ್ಗೆ

ಹತ್ತು ಸಾವಿರ ಅನ್ನುವುದು ಪ್ರಯೋಗದಿಂದ ಬಂದ ಅಂಕಿ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಬಂತು. ಅದರ ಹೆಸರೇ "ಹತ್ತು ಸಾವಿರ ಹೆಜ್ಜೆ ಮೀಟರ್". ಹೆಸರು ಚೆನ್ನಾಗಿತ್ತು, ನಿಂತುಬಿಟ್ಟಿತು.

2019ರಲ್ಲಿ ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆ ಅಳೆದು ನೋಡಿದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ 41% ಕಡಿಮೆ. 7,500 ಆದ ಮೇಲೆ ಗೆರೆ ಚಪ್ಪಟೆ. ಸಂಶಯ ಅವರು ಕೆಮ್ಮುವ ಮೊದಲು ನಾನೇ ಹೇಳುತ್ತೇನೆ: ಇದೂ ನೋಡಿ ಎಣಿಸಿದ್ದು, ಮಾಡಿಸಿ ನೋಡಿದ್ದಲ್ಲ. ಆದರೂ ರಾತ್ರಿಪಾಳಿ ಅವರೇ, ನಿಮ್ಮ ನಾಲ್ಕೂವರೆ ಸಾವಿರ ಬೈಗುಳಕ್ಕೆ ಯೋಗ್ಯ ಅಲ್ಲ. ಮೊಬೈಲಿನ ಬಾಯಿ ಮುಚ್ಚಿಸಿ.

ಹಾಸಿಗೆ ಬಿಟ್ಟವಳು · ಬುಧವಾರ ಮಧ್ಯಾಹ್ನ

ನನ್ನದೊಂದು ಅನುಭವ. ಕಾಲಿನ ಮೂಳೆ ಮುರಿದು ಒಂದು ಆಸ್ಪತ್ರೆಯಲ್ಲಿ ಮೂರು ವಾರ ಮಲಗಿಸಿದ್ದರು. ಮುರಿದದ್ದು ಎಡಗಾಲು. ಬಲಗಾಲು, ಕೈ, ಬೆನ್ನು ಎಲ್ಲಾ ಚೆನ್ನಾಗಿತ್ತು. ಅವನ್ನು ಅಲ್ಲಾಡಿಸಿ ಅಂತ ಒಬ್ಬರೂ ಹೇಳಲಿಲ್ಲ. "ರೆಸ್ಟ್ ಮಾಡಿ, ರೆಸ್ಟ್ ಮಾಡಿ" ಅಷ್ಟೇ. ಮನೆಗೆ ಬಂದ ದಿನ ಹಲ್ಲುಜ್ಜುತ್ತಾ ನಿಂತರೆ ಚೆನ್ನಾಗಿದ್ದ ಬಲಗಾಲೇ ನಡುಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಎರಡೂ ಮೀನಖಂಡ ಒಂದೇ ಗಾತ್ರ ಆಗಿದ್ದವು. ಪಟ್ಟಿ ಕಟ್ಟಿದ ಕಾಲು ಸಣ್ಣಗಾಗುತ್ತದೆ ಅಂತ ಗೊತ್ತಿತ್ತು. ಇನ್ನೊಂದು ಯಾಕೆ ಆಯಿತು ಅಂತ ಅತ್ತುಬಿಟ್ಟೆ. ಆಗ ನನಗೆ 47.

ಕೂತೇಳು · ಬುಧವಾರ ಸಂಜೆ

ಇದು ನಮ್ಮ ಕೆಲಸದಲ್ಲಿ ದಿನಾ ಕಾಣುವ ನೋವು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಜನ ಗಟ್ಟಿಮುಟ್ಟಾದ 20ರ ಹುಡುಗರನ್ನು ಮೂರು ವಾರ ಮಲಗಿಸಿದರು. ಅವರ ದಮ್ಮು, ಅಂದರೆ ದೇಹ ಉಸಿರಿನಿಂದ ಆಮ್ಲಜನಕ ಎಳೆದು ಬಳಸುವ ಶಕ್ತಿ, ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. 30 ವರ್ಷ ಆದ ಮೇಲೆ ಅದೇ ಐದು ಜನರನ್ನು ಹುಡುಕಿ ಮತ್ತೆ ಅಳೆದರು. ದಪ್ಪ ಆಗಿದ್ದರು, ಕೂದಲು ನೆರೆತಿತ್ತು. ಆದರೆ 30 ವರ್ಷದ ಮುಪ್ಪು ಮಾಡಿದ ಹಾನಿ ಆ ಮೂರು ವಾರದ ಹಾಸಿಗೆ ಮಾಡಿದ್ದಕ್ಕಿಂತ ಕಡಿಮೆ ಇತ್ತು. ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಜಾಗಿಂಗ್, ಸೈಕಲ್ ಮಾಡಿಸಿದರು. 30 ವರ್ಷದಲ್ಲಿ ಕಳೆದುಕೊಂಡದ್ದು ವಾಪಸ್ ಬಂತು.

ಐದೇ ಜನ, ನಿಜ. ಆದರೆ ಮುಪ್ಪು ಅಂತ ನಾವು ಬೈಯುವುದರಲ್ಲಿ ಸುಮ್ನೆ ಕೂತದ್ದರ ಪಾಲು ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನು ನಾನು ಓದಿಲ್ಲ. ಆಸ್ಪತ್ರೆಯಲ್ಲಿರುವ ನಿಮ್ಮವರಿಗೆ ಯಾವ ಅಂಗ ಅಲ್ಲಾಡಿಸಬಹುದು ಅಂತ ಡಾಕ್ಟರನ್ನು ನೀವೇ ಕೇಳಿ. ಕೇಳದಿದ್ದರೆ ಹೇಳುವುದಿಲ್ಲ.

ಅರವತ್ತೊಂದು · ಗುರುವಾರ ಬೆಳಿಗ್ಗೆ

ಊಟದ ಬಗ್ಗೆಯೂ ಹೇಳಿ. ಈಗ ಜಾಸ್ತಿ ತಿನ್ನಬೇಕಾ? ನಿನ್ನೆ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಪ್ರೋಟೀನ್ 38 ಗ್ರಾಂ ಬರುತ್ತಿದೆ.

ಕೂತೇಳು · ಗುರುವಾರ ಮಧ್ಯಾಹ್ನ

ಅಯ್ಯೋ. ದೊಡ್ಡವರಿಗೆ ಹೇಳುವ ಕನಿಷ್ಠ ಲೆಕ್ಕವೇ ಕಿಲೋ ತೂಕಕ್ಕೆ 0.8 ಗ್ರಾಂ. ನಿಮಗೆ 51 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಬೇಕು ಅಂತ 2013ರಲ್ಲಿ ತಜ್ಞರ ತಂಡವೊಂದು ಹೇಳಿತು. ನಿಮಗೆ ಅದು 64ರಿಂದ 77. ಕಾರಣ ಇದೆ. ಎಳೆಯ ಸ್ನಾಯು ಸ್ವಲ್ಪ ಪ್ರೋಟೀನ್ ಬಂದರೂ ಕಟ್ಟೋಕೆ ಶುರು ಮಾಡುತ್ತದೆ. ಹಳೆಯ ಸ್ನಾಯುವಿನ ಕಿವಿ ಸ್ವಲ್ಪ ಮಂದ, ಜೋರಾಗಿ ಕೂಗಬೇಕು. ಒಂದು ಹೊತ್ತಿಗೆ ಚೂರು ಚೂರು ತಿಂದರೆ ಅದಕ್ಕೆ ಕೇಳಿಸುವುದೇ ಇಲ್ಲ. ಭಾರ ಎತ್ತಿದ ಮೇಲೆ ಕಿವಿ ಚುರುಕಾಗುತ್ತದೆ. ಅದಕ್ಕೇ ಊಟ ಬೇರೆ, ವ್ಯಾಯಾಮ ಬೇರೆ ಅಂತ ನೋಡಬಾರದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಅಂಕಿ ತಾವಾಗಿ ಪಾಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ತೂಕ ಇಳಿಸುವುದು ತಪ್ಪು ಅಂತ ಯಾರೂ ಓದಿಕೊಳ್ಳಬೇಡಿ. 2017ರಲ್ಲಿ ಬೊಜ್ಜಿರುವ 160 ಹಿರಿಯರ ಮೇಲೆ ಒಂದು ಪ್ರಯೋಗ ಬಂತು. ವ್ಯಾಯಾಮದ ಗುಂಪಿನವರೆಲ್ಲಾ ಊಟ ಕಡಿಮೆ ಮಾಡಿದರು. ಅದರ ಜೊತೆ ಬರೀ ನಡಿಗೆ ಥರದ್ದು ಮಾಡಿದವರ ಕೊಬ್ಬಲ್ಲದ ತೂಕ 5% ಹೋಯಿತು. ಭಾರ ಎತ್ತಿದವರದ್ದು 2%. ಎರಡನ್ನೂ ಮಾಡಿದವರದ್ದು 3%. ಮೈಯ ಶಕ್ತಿ ಅತಿ ಚೆನ್ನಾಗಿ ಸುಧಾರಿಸಿದ್ದು ಎರಡನ್ನೂ ಮಾಡಿದವರಿಗೆ.

ಉಪ್ಪುಸಪ್ಪೆ · ಗುರುವಾರ ರಾತ್ರಿ

ಎಲ್ಲರೂ ತೊಡೆ ತೊಡೆ ಅಂತಿದ್ದೀರಿ. ಊಟದಲ್ಲಿ ಸಾವನ್ನೇ ತಗ್ಗಿಸಿದ ದೊಡ್ಡ ಪ್ರಯೋಗವೂ ಇದೆ. ಚೀನಾದ 600 ಹಳ್ಳಿಗಳಲ್ಲಿ ಮಾಡಿದ್ದು, 2021ರಲ್ಲಿ ಬಂತು. ಸುಮಾರು 21 ಸಾವಿರ ಜನ. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಇನ್ನರ್ಧಕ್ಕೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ ಉಪ್ಪು. ಬೇರೇನೂ ಬದಲಾಯಿಸಲಿಲ್ಲ. ಸುಮಾರು ಐದು ವರ್ಷದಲ್ಲಿ ಪಾರ್ಶ್ವವಾಯು 14% ಕಡಿಮೆ, ಸಾವು 12% ಕಡಿಮೆ. ಸಂಶಯ ಅವರೇ, ಇದು ಚೀಟಿ ಹಾಕಿ ಮಾಡಿದ್ದು. ಸೇರಿದವರಲ್ಲಿ ಹೆಚ್ಚಿನವರಿಗೆ ಮೊದಲೇ ಪಾರ್ಶ್ವವಾಯು ಆಗಿತ್ತು, ಉಳಿದವರಿಗೆ ವಯಸ್ಸಿನ ಜೊತೆ ಬಿಪಿ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮೂತ್ರಪಿಂಡದ ಕಾಯಿಲೆ ಇದ್ದರೆ, ಪೊಟ್ಯಾಸಿಯಂ ಏರಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಈ ಉಪ್ಪು ಅಪಾಯ. ಇದು ತಮಾಷೆಯ ಮಾತಲ್ಲ.

ಇನ್ನೊಂದು ಕೆವಿನ್ ಹಾಲ್ ಅವರದ್ದು, 2019. ಇಪ್ಪತ್ತು ಜನರನ್ನು ಒಂದೇ ಕಡೆ ಇಟ್ಟುಕೊಂಡು ಎರಡು ವಾರ ಪ್ಯಾಕೆಟ್ಟಿನ ಕಾರ್ಖಾನೆ ತಿಂಡಿ, ಎರಡು ವಾರ ಮನೆ ಅಡಿಗೆಯಂಥದ್ದು ಕೊಟ್ಟರು. ಎರಡರಲ್ಲೂ ಸಕ್ಕರೆ, ಕೊಬ್ಬು, ನಾರು ಸರಿಸಮ ಇರುವ ಹಾಗೆ ಬಡಿಸಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ಟಿನ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಒಳಗೆ ಹೋಯಿತು.

ಗುಳಿಗೆ ಗುರು · ಗುರುವಾರ ರಾತ್ರಿ

ಇಷ್ಟೆಲ್ಲಾ ಯಾಕೆ? ಆಂಟಿಆಕ್ಸಿಡೆಂಟ್ ಮಾತ್ರೆ ತಗೊಳ್ಳಿ. ಮುಪ್ಪು ಅಂದರೆ ಮೈ ತುಕ್ಕು ಹಿಡಿಯುವುದು. ನನ್ನ ಹತ್ತಿರ ಒಂದು ಒಳ್ಳೆಯ

ನಿರ್ವಾಹಕ · ಗುರುವಾರ ರಾತ್ರಿ

ಮುಂದಿನದನ್ನು ಅಳಿಸಿದ್ದೇನೆ. ಮಾರಾಟ ಇಲ್ಲಿ ಬೇಡ.

ಅಂಕಿಮಂಕಿ · ಶುಕ್ರವಾರ ಬೆಳಿಗ್ಗೆ

ತುಕ್ಕಿನ ಮಾತು ಕೇಳೋಕೆ ಚೆಂದ. 1994ರಲ್ಲಿ ಫಿನ್‌ಲೆಂಡಿನ 29,133 ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ ಅನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟು ನೋಡಿದ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. 2009ರಲ್ಲಿ ಜರ್ಮನಿಯ ಇನ್ನೊಂದು ಸಣ್ಣ ಪ್ರಯೋಗ. ವ್ಯಾಯಾಮ ಮಾಡುವವರಿಗೆ ಸಿ ಮತ್ತು ಇ ಮಾತ್ರೆ ಜಾಸ್ತಿ ಕೊಟ್ಟರು. ಇನ್ಸುಲಿನ್ ವಿಷಯದಲ್ಲಿ ವ್ಯಾಯಾಮದಿಂದ ಬರಬೇಕಾದ ಲಾಭವೇ ಬರಲಿಲ್ಲ. ವ್ಯಾಯಾಮ ಮಾಡಿದಾಗ ಆಗುವ ಆ ಸ್ವಲ್ಪ "ತುಕ್ಕು" ನೋಡಿಯೇ ಮೈ ಗಟ್ಟಿಯಾಗುವುದು ಕಲಿಯುತ್ತದೆ. ಅದನ್ನು ಒರೆಸಿಬಿಟ್ಟರೆ ಪಾಠವೇ ಆಗುವುದಿಲ್ಲ.

ರಾತ್ರಿಪಾಳಿ · ಶುಕ್ರವಾರ, ಬೆಳಗಿನ ಜಾವ ಅಲ್ಲ, ಇವತ್ತು ರಜೆ

ನೂರು ದಾಟಿದವರ ಊರುಗಳು ಅಂತ ಬರುತ್ತಲ್ಲ, ಜಪಾನಿನ ಒಕಿನಾವಾ, ಇಟಲಿಯ ಸಾರ್ಡೀನಿಯಾ, ಅದು?

ಸಂಶಯಪಿಶಾಚಿ · ಶುಕ್ರವಾರ ಮಧ್ಯಾಹ್ನ

ಆಹಾ, ನನ್ನ ವಿಷಯ ಬಂತು. ಸಾಲ್ ನ್ಯೂಮನ್ ಅನ್ನುವವರು ಆ ಲೆಕ್ಕಗಳ ಬೆನ್ನು ಹತ್ತಿದರು. ಜನನದ ದಾಖಲೆ ಸರಿ ಇಲ್ಲದ ಕಡೆ, ಬಡತನ ಇರುವ ಕಡೆ ನೂರು ದಾಟಿದವರು ಜಾಸ್ತಿ ಸಿಗುತ್ತಾರೆ ಅಂತ ತೋರಿಸಿದರು. ಅದಕ್ಕೆ 2024ರಲ್ಲಿ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಆ ಊರುಗಳ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ಒಪ್ಪಿಲ್ಲ, ಜಗಳ ನಡೆಯುತ್ತಿದೆ. ನನಗಂತೂ ಖುಷಿ.

ಅರವತ್ತೊಂದು · ಒಂಬತ್ತು ವಾರಗಳ ಮೇಲೆ

ಎಲ್ಲರಿಗೂ ನಮಸ್ಕಾರ. ಹೇಳದೆ ಹೋದವನು ಹೇಳದೆ ಬಂದಿದ್ದೇನೆ.

ಕೂತೇಳು ಅವರು ಖಾಸಗಿಯಾಗಿ ಬರೆದುಕೊಟ್ಟ ಹಾಗೆ ಮಾಡಿದೆ. ವಾರಕ್ಕೆ ಮೂರು ದಿನ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈ ಊರಿ ತಳ್ಳುವುದು, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತುವುದು. ನಾಲ್ಕನೇ ವಾರದಿಂದ ಹೆಗಲಿಗೆ ಚೀಲ, ಅದರಲ್ಲಿ ಪುಸ್ತಕ. ಈಗ ನಿಘಂಟು ಎರಡು ಸಂಪುಟ ಹೊತ್ತು ಏಳುತ್ತೇನೆ. ಮೊದಲ ವಾರ ಶೌಚಕ್ಕೆ ಕೂರುವುದೇ ಕಷ್ಟ ಆಗಿತ್ತು, ಅದನ್ನು ಯಾರೂ ಮೊದಲೇ ಹೇಳಲಿಲ್ಲ! ಐದನೇ ವಾರ ಉತ್ಸಾಹ ಜಾಸ್ತಿಯಾಗಿ ಮೊಣಕಾಲು ಊದಿಕೊಂಡಿತು, ಒಂದು ವಾರ ಹೋಯಿತು.

ರಾತ್ರಿ ಊಟ ಮತ್ತೆ ಶುರು. ಪ್ರೋಟೀನ್ 70ರ ಹತ್ತಿರ. ತೂಕ 66. ಕೊಲೆಸ್ಟ್ರಾಲ್ ಚೂರು ಏರಿದೆ, ಡಾಕ್ಟರ್ ಕೈ ಕುಲುಕಲಿಲ್ಲ, ತಲೆ ಮಾತ್ರ ಆಡಿಸಿದರು. ಕುರ್ಚಿ ಪರೀಕ್ಷೆ 15. ಮೋಸ ಇಲ್ಲ.

ನೆಲದಿಂದ ಈಗ ಒಂದು ಕೈ ಊರಿ ಏಳುತ್ತೇನೆ. ಮೊನ್ನೆ ಹೆಂಡತಿಗೆ ತೋರಿಸಿದೆ. ಅವಳು ಏನೂ ಹೇಳದೆ ಪಕ್ಕದಲ್ಲಿ ಕೂತಳು, ಕಾಲು ಮಡಚಿದಳು, ಕೈ ಊರದೆ ಒಂದೇ ಸಲ ಎದ್ದು ಒಳಗೆ ಹೋದಳು. ಅವಳು ಒಂದು ದಿನವೂ ವ್ಯಾಯಾಮ ಅಂತ ಮಾಡಿದವಳಲ್ಲ. ಇಡೀ ದಿನ ಕೂತು ಎದ್ದು ಕೆಲಸ ಮಾಡುತ್ತಲೇ ಇರುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಇಲಿಗಳ ಬಗ್ಗೆ ಓದುತ್ತಿದ್ದೆ.

ಹಾಸಿಗೆ ಬಿಟ್ಟವಳು · ಅದೇ ದಿನ

ಕಂಡಕ್ಟರ್ ಮನೆಯಲ್ಲೇ ಇದ್ದರು!

ಅರವತ್ತೊಂದು · ಅದೇ ದಿನ

ಹೌದು. ಈಗ ಮನೆ ಕೆಲಸದಲ್ಲಿ ಅರ್ಧ ನನ್ನದು. ಅದು ಅವಳ ಷರತ್ತು.

ಸಂಶಯಪಿಶಾಚಿ · ಮರುದಿನ ರಾತ್ರಿ

ಆಯುಸ್ಸಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಅದು ಬೇರೆ ವಿಷಯ.

ಆ ಕುರ್ಚಿ ಎಷ್ಟು ಎತ್ತರ ಇರಬೇಕು?

ಕೂತೇಳು · ಮರುದಿನ ರಾತ್ರಿ

17 ಇಂಚು. ಗೋಡೆಗೆ ಒತ್ತಿ ಇಡಿ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ.